ಎರಡನೆಯ ಮೆಟ್ಟಿಲಿನ ಪುಸ್ತಕ



ಚಿಂಚೋಳಿಯ ಕಡೆಯ ಗೃಹಸ್ಥರೊಬ್ಬರ ಕಾಗದವು ಕಳೆದ ತಿಂಗಳು ನನ್ನ ಕೈಸೇರಿತು. ಅವರ ಮಗನು ಜಪಾನೀ ಭಾಷೆಯ ಆರಂಭದ ಪುಸ್ತಕಗಳೆರಡನ್ನೂ ಓದಿ ಮುಗಿಸಿರುವನಂತೆ. ಮುಂದೆ ಯಾವುದನ್ನು ಓದಬೇಕೆಂದು ಅಂತರ್ಜಾಲದಲ್ಲಿ ಹುಡುಕಲು ಹೋಗಿ, ಇಪ್ಪತ್ತೇಳು ಪುಸ್ತಕಗಳ ಪಟ್ಟಿಯೊಂದನ್ನು ಬರೆದುಕೊಂಡು, ಆ ದಿನದಿಂದ ಒಂದಕ್ಷರವನ್ನೂ ಓದದೆ ಕುಳಿತಿರುವನಂತೆ. "ತೊಗರಿಯ ಹಣವು ಬಂದೊಡನೆ ಎಲ್ಲವನ್ನೂ ತರಿಸಿಬಿಡಲೇ? ಇಲ್ಲವೆ ಇವುಗಳೊಳಗೆ ಒಂದೆರಡು ಸಾಕೇ? ಸಾಕಾದರೆ ಯಾವುವು?" ಎಂಬುದು ತಂದೆಯ ಪ್ರಶ್ನೆ. ಇದಕ್ಕೆ ಕಾಗದದಲ್ಲಿಯೇ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಇಂಥ ಪಟ್ಟಿಗಳು ಈಗ ಅನೇಕ ಮನೆಗಳನ್ನು ಹೊಕ್ಕಿರುವುದರಿಂದಲೂ, ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿ ಇನ್ನೊಬ್ಬರಿಗೆ ಪೆಟ್ಟು ತಗಲಿಸಿದವನಾದುದರಿಂದಲೂ, ಎಲ್ಲರೆದುರಿಗೆ ಬರೆಯುವುದೇ ಯುಕ್ತವೆಂದು ತೋರಿತು.

ಸೇಡಂನಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ವಿಶ್ರಾಂತನಾದ ಮಾಸ್ತರನಿಗೆ ಜಪಾನೀ ಭಾಷೆಯ ಗೊಡವೆ ಏತಕ್ಕೆಂದು ಕೆಲವರು ನಗಬಹುದು. ಆ ಗೊಡವೆಯನ್ನು ಮನೆಗೆ ತಂದವಳು ವಾಡಿಯಲ್ಲಿರುವ ನನ್ನ ತಂಗಿಯ ಮಗಳು. ಅವಳು ರೋಗಿಗಳ ಶುಶ್ರೂಷೆಯ ತರಬೇತಿಯನ್ನು ಪಡೆದವಳು. 2021ರ ಜನವರಿಯಲ್ಲಿ ನಮ್ಮ ಸರಕಾರಕ್ಕೂ ಜಪಾನಿನ ಸರಕಾರಕ್ಕೂ ಒಂದು ಒಡಂಬಡಿಕೆಯಾಗಿ, ನಿರ್ದಿಷ್ಟ ಕೌಶಲ್ಯವುಳ್ಳ ಕೆಲಸಗಾರರು ಆ ದೇಶಕ್ಕೆ ಹೋಗಿ ದುಡಿಯಲು ಹಾದಿಯಾಯಿತು. ಅಂಥ ಕೆಲಸಗಳಲ್ಲಿ ವೃದ್ಧರ ಆರೈಕೆಯೂ ಒಂದು. ಅದನ್ನು ಅಲ್ಲಿ 'ಕೈಗೊ' ಎನ್ನುವರು. ಈ ಸುದ್ದಿಯನ್ನು ಕೇಳಿದ ಹುಡುಗಿಯು, "ಮಾಮಾ, ಒಬ್ಬಳೇ ಓದಿದರ ಬ್ಯಾಸರಾಗ್ತದ, ನೀವೂ ಜೋಡಿ ಕೂಡ್ರಿ" ಎಂದಳು. ಹೀಗೆ ಐವತ್ತೇಳನೆಯ ವಯಸ್ಸಿನಲ್ಲಿ ನನಗೆ ಮತ್ತೊಮ್ಮೆ ಅಕ್ಷರಾಭ್ಯಾಸವಾಯಿತು.

ಅಕ್ಷರಮಾಲೆಯನ್ನು ನೋಡಿದೊಡನೆ ನನಗಾದ ಆನಂದವನ್ನು ಇಲ್ಲಿ ಹೇಳದೆ ಇರಲಾರೆನು. ಅ, ಇ, ಉ, ಎ, ಒ ಎಂಬ ಸ್ವರಗಳಾದ ತರುವಾಯ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಲು ಸಾಗುವುದು. ಇದು ನಮ್ಮ ವರ್ಣಮಾಲೆಯ ಕ್ರಮವೇ. ಸಿದ್ಧಂ ಲಿಪಿಯ ಮೂಲಕ ಸಂಸ್ಕೃತವನ್ನು ಅಭ್ಯಸಿಸಿದ ಅಲ್ಲಿಯ ಬೌದ್ಧ ಭಿಕ್ಷುಗಳಿಂದ ಬಂದುದು. ಪವರ್ಗದ ಸ್ಥಾನದಲ್ಲಿ ಹಕಾರವೇಕೆ ಕುಳಿತಿದೆಯೆಂದರೆ, ಪೂರ್ವದಲ್ಲಿ ಅದು ಪಕಾರವೇ ಆಗಿದ್ದಿತು. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆದಂತೆ ಅವರಲ್ಲಿಯೂ ಆಯಿತು. ನನ್ನ ತಂಗಿಯ ಗಂಡನು ಶಹಾಬಾದದಲ್ಲಿ ಫರಸಿ ಕಲ್ಲಿನ ವ್ಯಾಪಾರ ಮಾಡುವವನು. "ವಾಡಿ ಎಲ್ಲಿ, ಜಪಾನ್ ಎಲ್ಲಿ, ಮಾಸ್ತರರೇ?" ಎಂದು ಅವನು ಕೇಳಿದಾಗ, ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿ ಸ್ತೂಪದ ಶಾಸನಗಳನ್ನು ಜಪಾನಿನ ಮೈಕೊ ನಕನಿಶಿಯವರು ಜರ್ಮನಿಯ ಓಸ್ಕರ್ ಫೋನ್ ಹಿನ್ಯೂಬರ್ ಅವರೊಡನೆ ಕೂಡಿ ಓದಿದುದನ್ನೂ, ಆ ಗ್ರಂಥವು 2014ರಲ್ಲಿ ಟೋಕಿಯೋದ ಸೋಕಾ ವಿಶ್ವವಿದ್ಯಾಲಯದಿಂದ ಹೊರಬಂದುದನ್ನೂ ಹೇಳಿದೆನು. ಅವರು ನಮ್ಮ ಭೀಮಾತೀರದ ಕಲ್ಲನ್ನು ಓದಬಲ್ಲರಾದರೆ ನಾವು ಅವರ ಕಾಗದವನ್ನು ಓದಲಾರೆವೇ? ಅವನು ಕಲ್ಲಿನ ಮಾತಾದುದರಿಂದ ಒಪ್ಪಿಕೊಂಡನೆಂದು ತೋರುತ್ತದೆ.

ಮೊದಲ ಮೆಟ್ಟಿಲಿನಲ್ಲಿ ಪುಸ್ತಕದ ಆಯ್ಕೆಯು ಕಷ್ಟವಲ್ಲ. 'ಮಿನ್ನ ನೊ ನಿಹೊಂಗೊ' ಎಂಬುದರ ಎರಡು ಭಾಗಗಳಲ್ಲಿ 50 ಪಾಠಗಳಿವೆ. ಅದರ ಭಾರತೀಯ ಮುದ್ರಣವೂ ದೊರೆಯುವುದು. 'ಗೆಂಕಿ' ಎಂಬುದರಲ್ಲಿ 23 ಪಾಠಗಳಿವೆ. ಯಾವುದನ್ನು ಹಿಡಿದರೂ ಸರಿಯೇ. ಬಿಡದೆ ಮುಗಿಸಿದರೆ ಸಾಕು. ಜಪಾನೀ ಭಾಷಾಸಾಮರ್ಥ್ಯದ ಪರೀಕ್ಷೆಯಲ್ಲಿ ಎನ್ 5, ಎನ್ 4 ಎಂಬ ಕೆಳಗಿನ ಎರಡು ತರಗತಿಗಳು ಇದರಿಂದ ಕೈಗೂಡುವುವು. ನಮ್ಮ ಹುಡುಗಿಯು 2023ರ ಡಿಸೆಂಬರದಲ್ಲಿ ಬೆಂಗಳೂರಿಗೆ ಹೋಗಿ ಎನ್ 4 ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಆರೈಕೆಯ ಕೆಲಸಕ್ಕೆ ಹೋಗಲು ಕಾಗದದ ಮೇಲೆ ಬೇಕಾದ ಭಾಷಾಮಟ್ಟವು ಇಷ್ಟೇ. ಆ ಕೆಲಸಕ್ಕೆ ಸಂಬಂಧಿಸಿದ ಪರೀಕ್ಷೆಗಳು ಬೇರೆ ಇರುವುವು. "ಹಾಗಾದರೆ ಸಾಕಲ್ಲವೇ?" ಎಂದು ತಂದೆಯು ಕೇಳಿದನು. ಮಗಳು, "ಎಂಬತ್ತು ವರ್ಷದ ಅಜ್ಜಿ ರಾತ್ರಿ ಎದ್ದು ಎಲ್ಲಿ ನೋಯ್ತದಂತ ಹೇಳಿದರ ನನಗ ತಿಳೀಬೇಕಲ್ಲಪ್ಪಾ" ಎಂದಳು. ಅಲ್ಲಿಂದ ಎರಡನೆಯ ಮೆಟ್ಟಿಲಿನ ಮಾತು ಮೊದಲಾಯಿತು.

ಈ ಮೆಟ್ಟಿಲು ಎತ್ತರವಾದುದೆಂಬುದನ್ನು ಪರೀಕ್ಷಕರೇ ಒಪ್ಪಿರುವರು. 1984ರಲ್ಲಿ ಪರೀಕ್ಷೆಯು ಆರಂಭವಾದಾಗ ನಾಲ್ಕು ತರಗತಿಗಳು ಮಾತ್ರ ಇದ್ದುವು. ಕೆಳಗಿನಿಂದ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಣ ಅಂತರವು ಅತಿಯಾಯಿತೆಂದು 2010ರಲ್ಲಿ ನಡುವೆ ಎನ್ 3 ಎಂಬ ಹೊಸದೊಂದು ಮೆಟ್ಟಿಲನ್ನು ಕಟ್ಟಿದರು. ಸಂಸ್ಕೃತದಲ್ಲಿಯೂ ಈ ಸ್ಥಳವು ಹೀಗೆಯೇ ಇದೆ. ರಾಮಕೃಷ್ಣ ಗೋಪಾಲ ಭಾಂಡಾರಕರರು ತಮ್ಮ ಮೊದಲ ಪುಸ್ತಕಕ್ಕೆ 'ಮಾರ್ಗೋಪದೇಶಿಕಾ' ಎಂದೂ, ಎರಡನೆಯದಕ್ಕೆ 'ಮಂದಿರಾಂತಃಪ್ರವೇಶಿಕಾ' ಎಂದೂ ಹೆಸರಿಟ್ಟರು. ಮಾರ್ಗವನ್ನು ತೋರಿಸುವುದು ಒಂದು ಕೆಲಸ. ಗುಡಿಯೊಳಗೆ ಕರೆದೊಯ್ಯುವುದು ಬೇರೊಂದು ಕೆಲಸ. ಮೊದಲನೆಯದರಲ್ಲಿ ಎಲ್ಲ ಮಕ್ಕಳ ಕೊರತೆಯೂ ಒಂದೇ, ಯಾರಿಗೂ ಏನೂ ಬರುವುದಿಲ್ಲ. ಎರಡನೆಯದಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕೊರತೆ. ಆದುದರಿಂದ "ಅತ್ಯುತ್ತಮ ಪುಸ್ತಕ ಯಾವುದು?" ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. "ಈ ಹುಡುಗನಿಗೆ ಏನು ಬಾರದು?" ಎಂದು ಕೇಳಬೇಕು.

ಚಿತ್ತಾಪುರಕ್ಕೆ ಹೊಂದಿರುವ ನಾಗಾವಿಯ ಹೆಸರನ್ನು ವಾಚಕರು ಕೇಳಿರಬಹುದು. ಅಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿಯನ್ನಿತ್ತ 1058ರ ಶಾಸನವು, ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಎಂದರೆ ಪುಸ್ತಕಭಂಡಾರವನ್ನು ನೋಡಿಕೊಳ್ಳುವವರಿಗೂ, ಜೀವನವನ್ನು ಕಲ್ಪಿಸಿದೆ. ಒಂದು ವಿದ್ಯಾಸ್ಥಾನಕ್ಕೆ ಆರು ಮಂದಿ! ಕಟ್ಟುಗಳ ಧೂಳು ಒರೆಸುವುದಷ್ಟೇ ಅವರ ಕೆಲಸವಾಗಿದ್ದಿತೆಂದು ನಾನು ನಂಬಲಾರೆನು. ಒಂದು ಓಲೆಯ ಕಟ್ಟನ್ನು ಓದಿ ಮುಗಿಸಿ ಬಂದ ವಿದ್ಯಾರ್ಥಿಗೆ ಮುಂದಿನದು ಯಾವುದೆಂದು ಹೇಳುವವರೂ ಅವರೇ ಆಗಿರಬೇಕು. ಇಂದು ಭಂಡಾರವು ಪ್ರತಿಯೊಬ್ಬನ ಅಂಗೈಯಲ್ಲಿದೆ, ಭಂಡಾರಿಗನು ಮಾತ್ರ ಇಲ್ಲ. ನಮ್ಮ ಹುಡುಗಿಗೆ ದೊಡ್ಡ ಊರಿನ ಪಾಠದ ಮನೆಯೊಂದರವರು ಭಂಡಾರಿಗರಾಗಲು ಮುಂದೆ ಬಂದರು. ಹದಿನಾಲ್ಕು ಪುಸ್ತಕಗಳ ಗಂಟಿಗೂ ಪಾಠಕ್ಕೂ ಸೇರಿಸಿ ಅವರು ಕೇಳಿದ ಹಣವು ಅವಳ ತಾಯಿಯ ಬಳೆಗಳ ಬೆಲೆಯಷ್ಟಿತ್ತು. ಬಳೆಗಳು ಕೈಯಲ್ಲಿಯೇ ಉಳಿಯಲೆಂದು ನಾನೇ ಭಂಡಾರಿಗನಾದೆನು.

ನಮ್ಮ ಮೊದಲ ಶೋಧವು ವ್ಯಾಕರಣದ ವಿಷಯದ್ದು. ಅಂಗಡಿಯಲ್ಲಿರುವ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷರಿಗೂ ಅಮೆರಿಕದವರಿಗೂ ಬರೆದುವು. ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದೆಂದು ಅವರಿಗೆ ಎರಡು ಪುಟಗಳಲ್ಲಿ ವಿವರಿಸಬೇಕು. ನಮಗೆ ಎರಡು ಪದವೂ ಬೇಡ. 'ಕಿನೋ ಕತ್ತ ಹೊನ್' ಎಂದರೆ 'ನಿನ್ನೆ ಕೊಂಡ ಪುಸ್ತಕ'; ಪದದ ಬದಲಿಗೆ ಪದವನ್ನಿಟ್ಟರೆ ತೀರಿತು. 'ತಬೆತೆ ಮಿರು' ಎಂದರೆ 'ತಿಂದು ನೋಡು' ಎಂಬ ನಮ್ಮ ಮಾತೇ. ನೋಡುವ ಕ್ರಿಯೆಯು ಪ್ರಯತ್ನದ ಅರ್ಥಕ್ಕೆ ತಿರುಗುವುದು ಕೂಡ ಎರಡರಲ್ಲಿಯೂ ಒಂದೇ. 'ವಸುರೆತೆ ಶಿಮತ್ತ' ಎಂಬುದು 'ಮರೆತುಬಿಟ್ಟೆ'. 'ಕತ್ತೆ ಒಕು' ಎಂಬುದು 'ಕೊಂಡಿಡು'. (ಈ ಕೊನೆಯ ಪಾಠದ ದಿನ ಮನೆಯ ಚಿಕ್ಕಮಕ್ಕಳು ಕತ್ತೆಯ ಹೆಸರನ್ನು ಕೇಳಿ ನಕ್ಕ ನಗೆಗೆ ಪಾಠವೇ ನಿಂತುಹೋಯಿತು.) ಇಂಗ್ಲಿಷಿನ ವಿವರಣೆಯನ್ನು ಓದಿದಾಗ ಮಂಜಾಗಿದ್ದ ವಿಷಯವು ಕನ್ನಡದಲ್ಲಿ ಬರೆದುಕೊಂಡೊಡನೆ ಬೆಳಗಾಗುತ್ತಿದ್ದಿತು. ಹುಡುಗಿಯು ಕನ್ನಡ ಶಾಲೆಯಲ್ಲಿ ಓದಿದವಳು. ಜಪಾನೀ ಭಾಷೆಗೆಂದು ಇಂಗ್ಲಿಷಿನ ಬೆಟ್ಟವನ್ನೂ ಅವಳು ಹತ್ತಿ ಇಳಿಯಬೇಕಾಗಿದ್ದಿತು. ಆಗ ಇನ್ನೂರು ಪುಟಗಳ ಒಂದು ನೋಟುಪುಸ್ತಕವನ್ನು ತಂದು, ಪ್ರತಿಯೊಂದು ಪ್ರಯೋಗದ ಎದುರಿಗೆ ನಮ್ಮ ಮನೆಮಾತಿನ ಪ್ರಯೋಗವನ್ನು ಬರೆಯಿಸಿದೆನು. ನಾವು ಬಳಸಿದ ಎಲ್ಲ ಪುಸ್ತಕಗಳಲ್ಲಿ ಉಪಕಾರಿಯಾದುದು ಇದೇ, ಬೆಲೆಯಲ್ಲಿ ಕಡಮೆಯಾದುದೂ ಇದೇ.

ಎದುರಿನ ಸಾಲು ಬರಿದಾಗಿ ಉಳಿದ ಕಡೆಯೂ ಉಂಟು. ನಾವು 'ಓದಿಕೊಡು' ಎನ್ನುವೆವು. ನಾನು ಇನ್ನೊಬ್ಬನಿಗೆ ಓದಿಕೊಟ್ಟರೂ ಇನ್ನೊಬ್ಬನು ನನಗೆ ಓದಿಕೊಟ್ಟರೂ ನಮಗೆ 'ಕೊಡು' ಒಂದೇ. ಅವರಿಗೆ 'ಅಗೆರು', 'ಕುರೆರು' ಎಂದು ಎರಡು. 'ವ' ಮತ್ತು 'ಗ' ಎಂಬ ಪ್ರತ್ಯಯಗಳ ಭೇದವೂ ಹಾಗೆಯೇ. ಮೂರು ವರ್ಷಗಳಾದರೂ ಅದು ನನಗೆ ಪೂರ್ತಿ ವಶವಾಗಿಲ್ಲ. ವ್ಯಾಕರಣದ ಪುಸ್ತಕಕ್ಕೆ ಹಣ ಹಾಕುವುದಾದರೆ, ನೋಟುಪುಸ್ತಕದಲ್ಲಿ ಬರಿದಾಗಿ ಉಳಿದ ಈ ಸಾಲುಗಳಿಗಾಗಿ ಹಾಕಬೇಕೇ ಹೊರತು ತುಂಬಿದ ಸಾಲುಗಳಿಗಾಗಿ ಅಲ್ಲ.

ಕನ್ನಡಿಗನ ನಿಜವಾದ ಕೊರತೆಯು ಕಂಜಿ ಎಂಬ ಚೀನೀ ಅಕ್ಷರಗಳಲ್ಲಿದೆ. ನಿತ್ಯದ ಬಳಕೆಗೆಂದು ಜಪಾನ್ ಸರಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಅಕ್ಷರಗಳಿವೆ. ಮೊದಲ ಮೆಟ್ಟಿಲಿನಲ್ಲಿ ಸುಮಾರು 300 ಸಾಕು. ಎರಡನೆಯದರಲ್ಲಿ ಅದರ ಇಮ್ಮಡಿಯಾದರೂ ಬೇಕು. ಅಷ್ಟೇ ಆಗಿದ್ದರೆ ಬಾಯಿಪಾಠವೇ ಪರಿಹಾರವಾಗಿದ್ದಿತು. ಆದರೆ ಒಂದೊಂದು ಅಕ್ಷರಕ್ಕೆ ಎರಡು ಮೂರು ಓದುಗಳಿರುವುವು. ಇಲ್ಲಿ ಎಷ್ಟೋ ಮಂದಿ ಎದೆಗುಂದಿ ಬಿಟ್ಟುಬಿಡುವರು. ನಮ್ಮ ಹುಡುಗಿಗೆ ನಾನು ಹೇಳಿದುದಿಷ್ಟು: "ಕುಡಿಯುವಾಗ ನೀರು ಎನ್ನುತ್ತೀಯೆ. ಆಣೆಕಟ್ಟಿನ ಹಿಂದೆ ನಿಂತುದನ್ನು ನೀರಾಶಯವೆನ್ನುತ್ತೀಯೋ, ಜಲಾಶಯವೆನ್ನುತ್ತೀಯೋ?" ಜಪಾನೀಯರದೂ ಇದೇ ರೀತಿ. ನೀರಿನ ಅಕ್ಷರವು ಒಂಟಿಯಾಗಿ ನಿಂತಾಗ ದೇಶ್ಯವಾದ 'ಮಿಝು'; ಸಮಾಸದಲ್ಲಿ ಸೇರಿದಾಗ ಚೀನೀಮೂಲದ 'ಸುಇ'. ದಾರಿಯ ಅಕ್ಷರವನ್ನು ಮುಂದಿಟ್ಟರೆ 'ಸುಇದೋ', ಅಕ್ಷರಾರ್ಥದಲ್ಲಿ ಜಲಮಾರ್ಗ, ಎಂದರೆ ನಲ್ಲಿಯ ನೀರಿನ ಏರ್ಪಾಡು. ನಾವು ತತ್ಸಮವನ್ನೂ ದೇಶ್ಯವನ್ನೂ ಎರಡು ರೀತಿಯಾಗಿ ಬರೆಯುವೆವು, ಅವರು ಒಂದೇ ಚಿಹ್ನೆಯಿಂದ ಬರೆಯುವರು, ಭೇದವಿಷ್ಟೇ. ಆದುದರಿಂದ ಬಿಡಿ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದ ಪುಸ್ತಕಕ್ಕಿಂತ, ಸಮಾಸಗಳ ಮೂಲಕ ಅಕ್ಷರವನ್ನು ಕಲಿಸುವ ಪುಸ್ತಕವು ನಮ್ಮವರಿಗೆ ಹೆಚ್ಚು ಹಿತವಾದುದು. ಅಂಗಡಿಯಲ್ಲಿ ಹಾಳೆ ತಿರುವಿದೊಡನೆಯೇ ಇದು ಗೊತ್ತಾಗುವುದು.

ಇನ್ನು ಮುಖ್ಯ ಪುಸ್ತಕ. 'ಮಿನ್ನ ನೊ ನಿಹೊಂಗೊ'ವಿನಲ್ಲಿ ಬೆಳೆದವರಿಗೆ ಅದರ ಮಧ್ಯಮ ಭಾಗವೇ ಸಹಜವಾದ ಮುಂದಿನ ಹೆಜ್ಜೆ. ಮೊದಲ ಸಂಪುಟದಲ್ಲಿ 12 ಪಾಠಗಳು. ಪಾಠದಲ್ಲಿ ಸಂಭಾಷಣೆಯೂ ಓದುವ ಗದ್ಯವೂ ಇವೆ. ಪುಸ್ತಕವೆಲ್ಲ ಜಪಾನೀ ಭಾಷೆಯಲ್ಲಿಯೇ ಇರುವುದು, ವಿವರಣೆಯ ಪುಸ್ತಕವು ಬೇರೆ. 'ಗೆಂಕಿ'ಯನ್ನು ಮುಗಿಸಿದವರಿಗೆ 2019 ಮತ್ತು 2020ರಲ್ಲಿ ಎರಡು ಭಾಗಗಳಾಗಿ ಬಂದ 'ಕ್ವಾರ್ಟೆಟ್' ಎಂಬುದು ನಿಧಾನವಾಗಿ ಮೇಲೇರಿಸುತ್ತದೆ. 2009ರ 'ತೊಬಿರ'ದಲ್ಲಿ 15 ಪಾಠಗಳಿವೆ. ಜಪಾನಿನ ಭೂಗೋಳ, ಆಹಾರ, ಧರ್ಮ, ಇತಿಹಾಸ, ರಾಜಕೀಯ ಎಲ್ಲವೂ ಅದರಲ್ಲಿ ಬರುವುವು. ಗ್ರಂಥವು ಸೊಗಸಾದುದೇ. ಆದರೆ ಆರಂಭವನ್ನು ಮುಗಿಸಿದ ಮರುದಿನವೇ ಅದನ್ನು ಕೊಡುವುದು ಹಿತೋಪದೇಶವನ್ನು ಮುಗಿಸಿದವನ ತಲೆಯ ಮೇಲೆ ಕಾದಂಬರಿಯನ್ನು ಹೊರಿಸಿದಂತೆ. ಪರೀಕ್ಷೆಗೆಂದೇ ಮಾಡಿದ ಪುಸ್ತಕಗಳ ಮಾತು ಬೇರೆ. 'ಸೋಮತೊಮೆ' ಎಂಬುದು ವಾರಗಳ ಲೆಕ್ಕದಲ್ಲಿ ಹಂಚಿದ ಹಗುರವಾದ ಓದು. 'ಶಿನ್ ಕಂಝೆನ್ ಮಾಸ್ಟರ್' ಎಂಬುದು ವ್ಯಾಕರಣ, ಪದಗಳು, ಕಂಜಿ, ಓದು, ಶ್ರವಣ ಎಂದು ಬೇರೆಬೇರೆ ಪುಸ್ತಕಗಳಾಗಿ ಬರುವ ಗಟ್ಟಿಯಾದ ಓದು. ಇವು ಉಪ್ಪಿನಕಾಯಿ, ಇವುಗಳಿಂದಲೇ ಊಟ ಮಾಡಲು ಹೊರಡಬಾರದು. ಎನ್ 3ಕ್ಕೆ ಇಷ್ಟೇ ಪದಗಳು, ಇಷ್ಟೇ ಅಕ್ಷರಗಳು ಎಂಬ ಅಧಿಕೃತ ಪಟ್ಟಿಯನ್ನು ಪರೀಕ್ಷಕರು 2010ರಿಂದೀಚೆಗೆ ಕೊಡುವುದಿಲ್ಲ. "ಸಂಪೂರ್ಣ ಪಟ್ಟಿ" ಎಂದು ಮೇಲೆ ಅಚ್ಚುಹಾಕಿದುದನ್ನು ಕಂಡರೆ ಅದು ಗ್ರಂಥಕರ್ತರ ಅಂದಾಜೆಂದು ತಿಳಿಯತಕ್ಕದ್ದು.

ಪುಸ್ತಕವನ್ನು ತೂಗಲು ನನ್ನ ಗುರುಗಳು ಕಲಿಸಿದ ಉಪಾಯವೊಂದಿದೆ. ನಡುವಣ ಪುಟವೊಂದನ್ನು ತೆರೆದು, ಹತ್ತು ಸಾಲು ಓದುವಷ್ಟರಲ್ಲಿ ಎಷ್ಟು ಸಲ ಕೋಶದ ಕಡೆಗೆ ಕೈ ಹೋಗುವುದೆಂದು ಎಣಿಸಬೇಕು. ನಾಲ್ಕೈದು ಸಲವಾದರೆ ಅದು ಪಾಠಕ್ಕೆ ತಕ್ಕ ಪುಸ್ತಕ. ಹತ್ತು ಸಲವಾದರೆ ಕಪಾಟಿನಲ್ಲಿಡತಕ್ಕ ಪುಸ್ತಕ. ಒಂದು ಸಲವೂ ಹೋಗದಿದ್ದರೆ ಅದನ್ನು ಬಿಸಾಡಬೇಕೆಂದು ನನ್ನ ವಿದ್ಯಾರ್ಥಿದೆಸೆಯಲ್ಲಿ ಭಾವಿಸಿದ್ದೆನು, ಅದು ತಪ್ಪು. ಜಪಾನಿನಲ್ಲಿ 'ತದೊಕು', ಎಂದರೆ ಬಹುವಾಚನ, ಎಂಬ ಪದ್ಧತಿಯವರು ಮೆಟ್ಟಿಲುಮೆಟ್ಟಿಲಾಗಿ ಸಣ್ಣ ಕಥೆಯ ಪುಸ್ತಕಗಳನ್ನು ಮಾಡಿ, ಅನೇಕವನ್ನು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ಇಟ್ಟಿರುವರು. ಸುಲಭವಾದುದರಿಂದ ತೊಡಗು, ಕೋಶವನ್ನು ಮುಟ್ಟಬೇಡ, ತಿಳಿಯದುದನ್ನು ದಾಟಿ ಹೋಗು, ಸಾಗದಿದ್ದರೆ ಪುಸ್ತಕವನ್ನು ಬದಲಿಸು ಎಂಬುದು ಅವರ ನಿಯಮ. ಪದಚ್ಛೇದ, ಅನ್ವಯ, ಪ್ರತಿಪದಾರ್ಥಗಳಿಲ್ಲದೆ ಮುಂದಕ್ಕೆ ಹೆಜ್ಜೆಯಿಡದ ನನ್ನಂಥವನಿಗೆ ಇದು ಅಪಚಾರದಂತೆ ಕಂಡಿತು. ಹುಡುಗಿಯು ಮೂರು ತಿಂಗಳಲ್ಲಿ ಇಂಥ ನಲವತ್ತು ಪುಸ್ತಕಗಳನ್ನು ಓದಿದಳು. ನಾನು ಅನ್ವಯ ಮಾಡುತ್ತ ಮೂರನೆಯದರಲ್ಲಿದ್ದೆನು.

ಈಗ ನನ್ನ ತಪ್ಪಿನ ಕಥೆ. 2024ರ ಡಿಸೆಂಬರದಲ್ಲಿ ಅವಳು ಎನ್ 3 ಪರೀಕ್ಷೆಗೆ ಕುಳಿತಳು. ಜನವರಿಯಲ್ಲಿ ಫಲಿತಾಂಶವು ಬಂದಿತು. ಭಾಷಾಜ್ಞಾನದಲ್ಲಿ 45, ಓದಿನಲ್ಲಿ 39, ಶ್ರವಣದಲ್ಲಿ 17, ಒಟ್ಟು 101. 180ರಲ್ಲಿ 95 ಬಂದರೆ ತೇರ್ಗಡೆಯೆಂದು ತಿಳಿದಿದ್ದ ತಂದೆಯು ಶಹಾಬಾದದಿಂದ ಪೇಢೆಯ ಡಬ್ಬಿಯನ್ನು ತಂದಿದ್ದನು. ಹುಡುಗಿಯು ನಪಾಸಾಗಿದ್ದಳು. ಒಟ್ಟು ಗುಣಗಳು ಎಷ್ಟೇ ಇರಲಿ, ಮೂರು ಭಾಗಗಳೊಳಗೆ ಪ್ರತಿಯೊಂದರಲ್ಲಿಯೂ 60ಕ್ಕೆ 19 ಬರಲೇಬೇಕೆಂಬ ನಿಯಮವಿದೆ. ಅವಳಿಗೆ ಎರಡು ಗುಣ ಕಡಮೆ. "ಮಾಮಾ, ಕಣ್ಣಿಗಿ ಎಲ್ಲಾ ತಿಳೀತು, ಕಿವಿಗಿ ಏನೂ ತಿಳೀಲಿಲ್ಲ" ಎಂದಳು. ಅಳಲಿಲ್ಲ; ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವಳ ಪುಸ್ತಕಗಳನ್ನು ಆರಿಸಿದವನು ನಾನು. ಆರು ಪುಸ್ತಕಗಳೂ ಕಣ್ಣಿನವು. ಮುಖ್ಯ ಪುಸ್ತಕದ ಜೊತೆಗೆ ಧ್ವನಿಮುದ್ರಣವಿದ್ದರೂ, ಅದು ಓದನ್ನು ಕೆಡಿಸುವುದೆಂದು ಬದಿಗಿಡಿಸಿದ್ದೆನು. ಸಂಸ್ಕೃತವನ್ನು ಪುಸ್ತಕದಿಂದ ಕಲಿತು ಪುಸ್ತಕದಿಂದ ಕಲಿಸಿದವನಿಗೆ ಕಿವಿಯ ನೆನಪೇ ಆಗಲಿಲ್ಲ. ನೆನಪಾಗದಿದ್ದುದು ಇನ್ನೂ ನಾಚಿಕೆಯ ವಿಷಯ. ವೇದವನ್ನು ನಾವು ಶ್ರುತಿಯೆನ್ನುವುದು ಏತಕ್ಕೆ? ಪರೀಕ್ಷೆಯಲ್ಲಿ ಧ್ವನಿಯನ್ನು ಒಂದೇ ಸಲ ಕೇಳಿಸುವರು. ಒಂದು ಭಾಗದಲ್ಲಂತೂ ಪ್ರಶ್ನೆಯೂ ಉತ್ತರವೂ ಅಚ್ಚಾಗಿರುವುದಿಲ್ಲ. ಅಲ್ಲಿ ಮಾತನಾಡುವವನು 'ತಬೆತೆ ಶಿಮತ್ತ' ಎಂದು ಬಿಡಿಸಿ ಹೇಳುವುದಿಲ್ಲ, 'ತಬೆಚತ್ತ' ಎನ್ನುವನು. ಗ್ರಾಂಥಿಕ ಕನ್ನಡವನ್ನು ಮಾತ್ರ ಓದಿದ ಪರಸ್ಥಳದವನು ಸೇಡಂ ಸಂತೆಯಲ್ಲಿ ನಿಂತು "ಏನ್ ಮಾಡ್ಲಿಕತ್ತೀರಿ?" ಎಂಬುದನ್ನು ಕೇಳಿದರೆ ಅವನ ಗತಿ ಏನಾಗುವುದೋ ಅವಳ ಗತಿಯೂ ಅದೇ ಆಯಿತು. ಎಂಬತ್ತು ವರ್ಷದ ಅಜ್ಜಿಯು ರಾತ್ರಿ ಎದ್ದು ಗ್ರಾಂಥಿಕವಾಗಿ ನರಳುವಳೇ?

ಅಂದಿನಿಂದ ಹೊಸ ಪುಸ್ತಕವನ್ನು ಕೊಂಡಿಲ್ಲ, ಶ್ರವಣದ ಒಂದನ್ನು ಬಿಟ್ಟು. ಪರೀಕ್ಷಕರು 2012ರಲ್ಲಿಯೂ 2018ರಲ್ಲಿಯೂ ಹೊರತಂದ ಅಭ್ಯಾಸದ ಪುಸ್ತಕಗಳು ಧ್ವನಿಸಹಿತವಾಗಿ ಅವರ ತಾಣದಲ್ಲಿ ಉಚಿತವಾಗಿಯೇ ದೊರೆಯುವುವು. ಇದನ್ನು ಮೊದಲೇ ತಿಳಿಯದಿದ್ದುದು ಭಂಡಾರಿಗನ ಅಪರಾಧ. ಮುಖ್ಯ ಪುಸ್ತಕದ ಹಳೆಯ ಪಾಠವನ್ನು ಮೊದಲು ಪುಸ್ತಕ ಮುಚ್ಚಿ ಮೂರು ಸಲ ಕೇಳುವುದು, ತಿಳಿದಷ್ಟನ್ನು ಬರೆಯುವುದು, ಬಳಿಕ ತೆರೆದು ತಾಳೆನೋಡುವುದು. ಇದು ಈಗಿನ ಕ್ರಮ. ರವಿವಾರದಂದು ಅವಳು ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಂಗೆ ರೈಲಿನಲ್ಲಿ ಬರುವಾಗ ಕಿವಿಗೆ ಸಿಕ್ಕಿಸಿಕೊಂಡೇ ಬರುವಳು. ಗಾಡಿಯ ಸದ್ದಿನಲ್ಲಿ ಕೇಳಿ ತಿಳಿದರೆ ಪರೀಕ್ಷೆಯ ಕೊಠಡಿಯಲ್ಲಿ ತಿಳಿಯದಿರುವುದೇ ಎಂಬುದು ಅವಳ ವಾದ.

ಚಿಂಚೋಳಿಯ ಗೃಹಸ್ಥರಿಗೆ ನನ್ನ ಬಿನ್ನಹವಿಷ್ಟು. ಇಪ್ಪತ್ತೇಳನ್ನೂ ತರಿಸಬೇಡಿರಿ. ಚಿರಂಜೀವಿಯು ಆರಂಭದಲ್ಲಿ ಓದಿದ ಪುಸ್ತಕವು ಯಾವುದೋ ಅದರ ಮುಂದಿನದೊಂದನ್ನು ಕೊಡಿಸಿರಿ. ಅವನಿಗೆ ಪರೀಕ್ಷಕರ ಉಚಿತವಾದ ಅಭ್ಯಾಸವನ್ನು ಒಮ್ಮೆ ಮನೆಯಲ್ಲಿಯೇ ಗಡಿಯಾರವಿಟ್ಟು ಮಾಡಿಸಿ, ಮೂರು ಭಾಗಗಳಲ್ಲಿ ಯಾವುದು ಕುಂಟುವುದೆಂದು ನೋಡಿ, ಅದಕ್ಕೊಂದು ಪುಸ್ತಕವನ್ನು ಕೊಡಿಸಿರಿ. ಮೂರನೆಯದು ಇನ್ನೂರು ಪುಟದ ನೋಟುಪುಸ್ತಕ. ಈ ಮೂರು ಮುಗಿಯುವವರೆಗೆ ನಾಲ್ಕನೆಯದನ್ನು ಕೇಳಿದರೆ ಕೊಡಿಸಕೂಡದು. ಅವನು ಎನ್ 4 ಮಟ್ಟವನ್ನೇ ಮುಟ್ಟಿಲ್ಲವೆಂದು ತಿಳಿದುಬಂದರೆ ನಾಚಬೇಕಾದುದಿಲ್ಲ. ಜಪಾನ್ ಫೌಂಡೇಶನ್ನಿನ 'ಇರೊದೊರಿ' ಎಂಬ ಪುಸ್ತಕವು 2020ರಿಂದ ಉಚಿತವಾಗಿಯೇ ದೊರೆಯುವುದು, ಅಲ್ಲಿ ಹೋಗಿ ಕೆಲಸಮಾಡುವವರ ನಿತ್ಯದ ಮಾತಿಗೆಂದೇ ಅದನ್ನು ರಚಿಸಿರುವರು, ಧ್ವನಿಯೂ ಅದರೊಡನೆ ಇದೆ. ತೊಗರಿಯ ಹಣದಲ್ಲಿ ಉಳಿದುದನ್ನು ಬೆಂಗಳೂರಿನ ಪರೀಕ್ಷೆಯ ಪ್ರಯಾಣಕ್ಕೆ ಇಡಿರಿ. ನಿಮ್ಮೂರಿಗೆ ರೈಲು ಇಲ್ಲದುದರಿಂದ ಹಿಂದಿನ ದಿನವೇ ಹೊರಡಬೇಕಾದೀತು.

ಕಳೆದ ರವಿವಾರ ನಾವಿಬ್ಬರೂ ಪುಸ್ತಕವನ್ನು ಮುಚ್ಚಿ ಹತ್ತು ಪ್ರಶ್ನೆಗಳನ್ನು ಕೇಳಿದೆವು. ಅವಳ ಉತ್ತರಗಳಲ್ಲಿ ಏಳು ಸರಿಯಾದುವು, ನನ್ನವು ಮೂರು. ಬರುವ ಪರೀಕ್ಷೆಗೆ ಅವಳು ಎನ್ 3ಕ್ಕೆ ಮತ್ತೊಮ್ಮೆ ಅರ್ಜಿಯನ್ನು ಹಾಕುವಳು; ಅದೇ ದಿನ ಎನ್ 4ಕ್ಕೆ ನಾನೂ ಹಾಕುವವನಿದ್ದೇನೆ.